ಸೆಟ್ಟಿಂಗ್ ಮೇಷ್ಟ್ರು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಹೊರಟ ಹೆದ್ದಾರಿಯು ಬಂಡೀಪುರದ ಅರಣ್ಯವನ್ನು ಹೊಗುವುದಕ್ಕೆ ಮುನ್ನ ಚೆಕ್‌ಪೋಸ್ಟಿನ ಅಡ್ಡಗಂಬದೆದುರು ಕ್ಷಣಕಾಲ ನಿಲ್ಲುವ ಮದ್ದೂರಿನಂಥ ಊರುಗಳಲ್ಲಿ, ಇಪ್ಪತ್ತನೆಯ ಶತಮಾನವು ಮುಗಿದು ಇಪ್ಪತ್ತೊಂದನೆಯದು ಕಣ್ಣುಬಿಡುತ್ತಿದ್ದ ಕೆಲವೇ ವರ್ಷಗಳ ಮಟ್ಟಿಗೆ ಅವತರಿಸಿ, ಆಮೇಲೆ ಸುಳಿವಿಲ್ಲದೆ ಅಂತರ್ಧಾನವಾದ ಒಂದು ಮನುಷ್ಯವರ್ಗವಿತ್ತು. ವೃತ್ತಿಯಿಂದ ಗಣಿತದ ಉಪಾಧ್ಯಾಯ, ಪ್ರವೃತ್ತಿಯಿಂದ ಮೋಡೆಮ್ ಪಂಡಿತ. ಜೇಬಿನಲ್ಲಿ ಲೇಖನಿಯ ಪಕ್ಕಕ್ಕೆ ಟೆಸ್ಟರು, ಕಂಕುಳಲ್ಲಿ ಫ್ಲಾಪಿಗಳ ಡಬ್ಬಿ. ಊರು ಇವರನ್ನು ಸೆಟ್ಟಿಂಗ್ ಮೇಷ್ಟ್ರು ಎಂದೇ ಕರೆಯುತ್ತಿತ್ತು.

ಅರಿಸಿನದ ವ್ಯಾಪಾರಿಯೊಬ್ಬರು, ಮೈಸೂರಿನಲ್ಲಿ ಓದುತ್ತಿದ್ದ ಮಗನ ಒತ್ತಾಯಕ್ಕೆ ಮಣಿದು ಕಂಪ್ಯೂಟರನ್ನೂ, ಈರೋಡಿನ ಧಾರಣೆ ಕುಳಿತಲ್ಲಿಗೇ ಬರುವುದೆಂಬ ಆಸೆಯಿಂದ ಮೋಡೆಮ್ಮನ್ನೂ ಕೊಂಡರೆಂದರೆ, ಮೇಷ್ಟ್ರಿಗೆ ಕರೆ ಹೋಗಲೇಬೇಕು. ಆಯುಧಪೂಜೆಯ ಕುಂಕುಮವಿನ್ನೂ ಹಣೆಯಲ್ಲಿರುವ ಮಾನಿಟರಿನ ಮುಂದೆ ಆಸೀನರಾಗಿ, ಅವರು ಮೊದಲು ಪೂರ್ವಪೀಠಿಕೆಯನ್ನು ಹೇಳುವರು: 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಇಂಟರ್‌ನೆಟ್ಟನ್ನು ಜನಸಾಮಾನ್ಯರಿಗೆ ತೆರೆದಾಗ, ವಿದ್ಯಾರ್ಥಿಗೆ ವರ್ಷಕ್ಕೆ 500 ರೂಪಾಯಿಗೆ ಬರಿಯ ಅಕ್ಷರಗಳು ಮಾತ್ರ ದೊರೆಯುತ್ತಿದ್ದವು, ಚಿತ್ರಗಳನ್ನೂ ನೋಡುವೆನೆಂಬ ಶ್ರೀಮಂತನಿಗೆ 15,000 ಬೇಕಾಗಿತ್ತು. ಈ ಕಥಾಭಾಗವು ಮುಗಿಯುವಷ್ಟರಲ್ಲಿ ಮೊದಲನೆಯ ಕಾಫಿ ಬಂದಿರುತ್ತದೆ.

ಅನಂತರ ಸೆಟ್ಟಿಂಗು. ಮೌಸು ಮೊದಲನೆಯ ಕಾಂ ಪೋರ್ಟಿನಲ್ಲಿರಲಾಗಿ, ಮೋಡೆಮ್ಮಿಗೆ ಮೂರನೆಯದನ್ನು ಕೊಟ್ಟರೆ ಎರಡಕ್ಕೂ ನಾಲ್ಕನೆಯ ಇಂಟರಪ್ಟೇ ಗತಿಯಾಗಿ, ಒಂದೇ ಒಲೆಯ ಮುಂದಿನ ವಾರಗಿತ್ತಿಯರಂತೆ ಒಂದು ಬಾಯಿ ತೆರೆದೊಡನೆ ಇನ್ನೊಂದು ಮುನಿದು ಸ್ತಬ್ಧವಾಗುವುದು. ಅದನ್ನು ಎರಡಕ್ಕೆ ಸರಿಸಿ, ಎಂಟು ಡೇಟಾ ಬಿಟ್, ಪ್ಯಾರಿಟಿ ಇಲ್ಲ, ಒಂದು ಸ್ಟಾಪ್ ಬಿಟ್ ಎಂದು ಸಂಕಲ್ಪ ಹೇಳಿ, ಇಂಟರ್‌ನೆಟ್ಟಿನ ನಂಬರು 172222 ಒತ್ತಿದರೆ, ರಿಸೀವರಿನಲ್ಲಿ ಗುಂಯ್ಯೆಂದು ಮೊಳಗುತ್ತಿರುವ ಡಯಲ್ ಟೋನ್ ಇಲ್ಲವೇ ಇಲ್ಲವೆಂದು ತೆರೆಯ ಮೇಲೆ ಮೋಡೆಮ್ಮು ಸಾಧಿಸುವುದು. ಅಮೆರಿಕದ ಟೋನಿಗೆ ಪಳಗಿದ ಅದರ ಕಿವಿಗೆ ನಮ್ಮ ದೇಶದ ಟೋನು ಟೋನೇ ಅಲ್ಲ. ಟೋನಿಗೆ ಕಾಯದೆ ಸುಮ್ಮನೆ ಡಯಲ್ ಮಾಡೆಂದು ‘ಎಟಿಎಕ್ಸ್3’ ಎಂಬ ನಾಲ್ಕಕ್ಷರವನ್ನು ಬರೆದರೆ ತೀರಿತು. ಆದರೆ ಮೇಷ್ಟ್ರು ಈ ಬ್ರಹ್ಮಾಸ್ತ್ರವನ್ನು ಎರಡನೆಯ ಕಾಫಿಗೆ ಮೊದಲು ಎಂದೂ ಪ್ರಯೋಗಿಸಿದವರಲ್ಲ.

ಅಷ್ಟರಲ್ಲಿ ವ್ಯಾಪಾರಿಗಳ ತಾಳ್ಮೆ ತೀರಿತು. “ತಗೀರಿ ಮೇಷ್ಟ್ರೇ, ಒಂದ್ನಿಮ್ಷ,” ಎಂದವರೇ ಮೋಡೆಮ್ಮಿನ ತಂತಿಯನ್ನು ಕಿತ್ತು ಫೋನಿಗೆ ಚುಚ್ಚಿ, ಈರೋಡಿನ ಮಂಡಿಗೆ ಎಸ್‌ಟಿಡಿ ಹಾಕಿ, ಅಂದಿನ ಧಾರಣೆಯನ್ನು ಕೇಳಿ ಚೀಟಿಯಲ್ಲಿ ಗುರುತುಹಾಕಿಕೊಂಡು, “ಲೈನು ಚೆಂದಾಗೇ ಅದಲ್ಲ?” ಎಂದರು.

ಮೇಷ್ಟ್ರು ಕನಿಕರದಿಂದ ನಕ್ಕರು. “ಮಾತಿಗೆ ಚೆಂದಾಗದೆ ಯಜಮಾನ್ರೇ. ಹಳ್ಳಿಗಳಿಗೆ ಅಂತ ಸಿ-ಡಾಟ್‌ನವರು 1986ರಲ್ಲಿ ಕಿತ್ತೂರಿನಲ್ಲಿ ಮೊದಲ ಎಕ್ಸ್‌ಚೇಂಜ್ ಇಟ್ಟಿದ್ದೇ ಮಾತಿಗೆ. ಡೇಟಾದ ಮರ್ಯಾದೆಯೇ ಬೇರೆ.”

ಕಡೆಗೊಮ್ಮೆ, ಚೀರಿ, ಕೆರೆದು, ಗರಗರಿಸಿ, ಹಟ್ಟಿಯ ನಾಯಿಗಳನ್ನೆಲ್ಲ ಬೊಗಳಿಸಿ ಮೋಡೆಮ್ಮು ಸಂಬಂಧವನ್ನು ಬೆಳೆಸಿತು. ಮನೆಮಂದಿ ನೆರೆದರು, ಅಜ್ಜಿಯೂ ಕನ್ನಡಕವನ್ನೇರಿಸಿ ಬಂದರು, ಯಾವುದೋ ಚಿತ್ರದ ಮೇಲಂಚು ತೆರೆಯಲ್ಲಿ ಗೆರೆಗೆರೆಯಾಗಿ ಇಳಿಯತೊಡಗಿತು. ಅದು ಯಾರ ಮುಖವೆಂದು ತಿಳಿಯುವ ಕುತೂಹಲ ಎಲ್ಲರಿಗೂ ಇತ್ತು, ಮೇಷ್ಟ್ರೊಬ್ಬರ ಹೊರತು. ಅವರ ದೃಷ್ಟಿ ಮೂಲೆಯ ಸಂಖ್ಯೆಯಲ್ಲಿ ನೆಟ್ಟಿತ್ತು.

“28,800ಕ್ಕೆ ಸಿಕ್ಕಿದೆ. 33,600 ಬರಬೇಕಿತ್ತು.”

“ಇರ್ಲಿ ಬುಡಿ ಮೇಷ್ಟ್ರೇ, ಮೊಕ ಪೂರ್ತಿ ಬರ್ಲಿ,” ಎಂದರು ಅಜ್ಜಿ.

“ಈಗ ಬಂತು ತಾಯಿ,” ಎಂದು ವಿನಯದಿಂದ ನುಡಿದ ಮೇಷ್ಟ್ರು, ಹುಬ್ಬಿನವರೆಗೆ ಇಳಿದಿದ್ದ ಆ ಮುಖವನ್ನು ಅಲ್ಲಿಗೇ ಬಿಟ್ಟು ಲೈನನ್ನು ಕತ್ತರಿಸಿ, ಮೂರನೆಯ ಕಾಫಿಗೆ ಸಕ್ಕರೆ ಕೊಂಚ ಕಡಿಮೆಯಿರಲೆಂದು ಒಳಗೆ ಹೇಳಿಕಳುಹಿಸಿ, ಮೊದಲಿನಿಂದ ಸೆಟ್ಟಿಂಗಿಗೆ ತೊಡಗಿದರು.