ಟರ್ಬೊ ಅಣ್ಣ

ಭತ್ತದ ಸೀಮೆಯಲ್ಲಿ ಊರಿಗೊಬ್ಬ ಟರ್ಬೊ ಅಣ್ಣ ಇರುತ್ತಾನೆ. ಬಳಗಾನೂರು ಪಟ್ಟಣ ಪಂಚಾಯಿತಿಯ ಊರಾದ್ದರಿಂದ ಅಲ್ಲಿ ಒಬ್ಬಿಬ್ಬರು ಹೆಚ್ಚೇ ಸಿಕ್ಕಾರು. ಅತ್ತ ಮಸ್ಕಿಯಲ್ಲಿ ಅಶೋಕ ಬಂಡೆಯ ಮೇಲೆ ತನ್ನೊಬ್ಬನ ಹೆಸರು ಕೊರೆಸಿದ. ನಮ್ಮ ಅಣ್ಣ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಮನೆದೇವರು, ಹೆಂಡತಿ, ಮಗಳು, ಮೆಚ್ಚಿನ ನಟ ಎಲ್ಲರ ಹೆಸರನ್ನೂ ಬರೆಸಿದ್ದಾನೆ. ಬಂಡೆಯ ಮೇಲಿನ ಆ ಹೆಸರು ಲೋಕದ ಕಣ್ಣಿಗೆ ಬೀಳಲು 1915ರ ತನಕ ಕಾಯಬೇಕಾಯಿತು. ಇವನದು ರಾತ್ರಿಯೂ ಮಿಣುಕುತ್ತದೆ.

ಗುಜರಿಯಿಂದ ಹಳೇ ಲಾರಿಯ ಟರ್ಬೊ ಒಂದು ಚೀಲದಲ್ಲಿ ಅಣ್ಣನ ಮನೆಗೆ ಬಂತು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಯಂತ್ರವದು. ಸೈಲೆನ್ಸರ್ ಪಾಲಾಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಇಂಜಿನಿಗೆ ಹೆಚ್ಚು ಗಾಳಿ ನೂಕುತ್ತದೆ. ಬ್ಯೂಕಿಗೆ ಬೇಕಿದ್ದದ್ದು ಶಕ್ತಿ; ಅಣ್ಣನಿಗೆ ಬೇಕಿದ್ದದ್ದು ಸೀಟಿ. “ಮನಿ ಮುಂದ ರೇಸ್ ಕೊಟ್ರ ಬಸ್‌ಸ್ಟ್ಯಾಂಡಿಗೆ ಕೇಳ್ಬೇಕು ನೋಡ್ರಿ!”

ಗಾಳಿ ಪೈಪು ಬೇಗ ಕೂಡಿತು. ತೊಡಕಿದ್ದದ್ದು ಎಣ್ಣೆಯಲ್ಲಿ. ನಿಮಿಷಕ್ಕೆ ಲಕ್ಷ ಸುತ್ತು ಹೊಡೆಯಬಲ್ಲ ಟರ್ಬೊಗೆ ಇಂಜಿನ್ ಎಣ್ಣೆ ಒತ್ತಡದಿಂದ ಹೋಗುತ್ತದೆ. ವಾಪಸು ಬರುವಾಗ ಮಾತ್ರ ತನ್ನ ಭಾರಕ್ಕೇ ಇಳಿದು ಆಯಿಲ್ ಚೇಂಬರ್ ಸೇರಬೇಕು. ಟರ್ಬೊ ಇಲ್ಲದೆ ಹುಟ್ಟಿದ ಇಂಜಿನಿನ ಚೇಂಬರಿಗೆ ಆ ತೂತು ಎಲ್ಲಿಂದ ಬರಬೇಕು? ಅಣ್ಣ ಡ್ರಿಲ್ ತಂದ. ಡ್ರಿಲ್ ಸದ್ದಿಗೆ ಕಟ್ಟೆಯ ಮೇಲಿನ ತಜ್ಞರೂ ಬಂದರು.

“ಚೇಂಬರ್ ಬಿಚ್ಚು” ಅಂದ ಒಬ್ಬ. ಕಾರಿನದಾದರೆ ಎಷ್ಟೋ ಸಲ ಬರೀ ತಗಡು, ಬಿಚ್ಚಬಹುದು. ಅಣ್ಣನ ಟ್ರ್ಯಾಕ್ಟರಿನದು ಬೀಡು ಕಬ್ಬಿಣದ ದಪ್ಪ ಎರಕ. ಮುಂದಿನ ಭಾರವನ್ನೂ ಅದೇ ಹೊತ್ತಿರುತ್ತದೆ. ಬಿಚ್ಚಲು ಹೋದರೆ ಗಾಡಿಯೇ ಎರಡು ಹೋಳು. ಪೈಪನ್ನು ವೆಲ್ಡಿಂಗ್ ಮಾಡಿ ಕೂಡಿಸೋಣವೆಂದರೆ ಆ ಕಾವಿಗೆ ಬೀಡು ಸೀಳುವ ಭಯ ಬೇರೆ. ಕಡೆಗೆ ಇದ್ದಲ್ಲೇ ಕೊರೆದು ಟ್ಯಾಪ್ ಹೊಡೆಯುವುದೆಂದಾಯಿತು. ಡ್ರಿಲ್ ಬಿಟ್‌ಗೆ ಗ್ರೀಸ್ ಮೆತ್ತಿದರೆ ಕಬ್ಬಿಣದ ಚೂರುಗಳು ಅದಕ್ಕೇ ಅಂಟುತ್ತವೆ, ಉಳಿದದ್ದನ್ನು ಡೀಸೆಲ್ ಹಾಕಿ ತೊಳೆದು ತೆಗೆಯಬೇಕು. ಅಣ್ಣ ಬಿಟ್‌ಗಿಂತ ಅಂಗಿಗೇ ಹೆಚ್ಚು ಗ್ರೀಸ್ ಮೆತ್ತಿಕೊಂಡ.

ಗುರುತು ಹಾಕಿದ್ದು ಕೈಗೆ ಸಲೀಸಾಗಿ ಸಿಗುವ ತಳದಲ್ಲಿ. ಆಗ ನಾಲೆಯ ಕೊನೆ ಭಾಗದಲ್ಲಿ ಹೊಲ ಇರುವ ಕಾಕಾ ಬಾಯಿ ತೆರೆದ: “ತಮ್ಮಾ, ಗದ್ದಿ ನೀರಾಗ ತೂಬು ಮುಳುಗಿದ್ರ ಮ್ಯಾಲಿನ ನೀರು ಸಲೀಸ ಹರಿತೈತೇನು? ಎಣ್ಣಿ ನಿಂತ ಮಟ್ಟಕ್ಕಿಂತ ಮ್ಯಾಲ ಹೊಡಿ. ಪೈಪು ದಪ್ಪಂದು ಹಾಕು. ನಡುವ ಎಲ್ಲೂ ಏರು ಇರಬಾರ್ದು.” ತುಂಗಭದ್ರಾ ಎಡದಂಡೆ ನಾಲೆಯ ನೀರಿಗೆ ಕಾದು ಕಾದು ತಲೆ ನರೆತವನಿಗೆ ಇಳಿಜಾರಿನ ಶಾಸ್ತ್ರವನ್ನು ಯಾವ ಮೆಕ್ಯಾನಿಕ್ ಹೇಳಿಕೊಡಬೇಕು?

ಅಣ್ಣ ಅರ್ಧ ಕೇಳಿದ. ತೂತು ಮೇಲಾಯಿತು, ಪೈಪು ಮಾತ್ರ ಹಿತ್ತಲಲ್ಲಿ ಬಿದ್ದಿದ್ದ ಸಣ್ಣದೇ. ಬಣ್ಣದ ಲೈಟಿಗೆ ಸಾವಿರ ಸುರಿಯುವವನಿಗೆ ಯಾರ ಕಣ್ಣಿಗೂ ಬೀಳದ ಪೈಪಿಗೆ ನೂರು ಬಿಚ್ಚಲು ಸಂಕಟ. ಸ್ಟಾರ್ಟ್ ಮಾಡಿದ. ಸೀಟಿ ಬಂತು. ಇಳಿಯಲು ದಾರಿ ಸಾಲದ ಎಣ್ಣೆ ಟರ್ಬೊದ ಸೀಲ್ ದಾಟಿ ಸೈಲೆನ್ಸರಿಗೆ ನುಗ್ಗಿ ನೀಲಿ ಹೊಗೆಯೂ ಬಂತು. ಪಂಚಾಯಿತಿಯವರು ಸೊಳ್ಳೆಗೆ ಹೊಗೆ ಬಿಡಲು ಬಂದರೆಂದು ಓಣಿಯ ಹೆಣ್ಣುಮಕ್ಕಳು ಬಾಗಿಲು ತೆರೆದು, “ನಮ್ಮನಿಗೂ ಒಂದೀಟು ಹೊಡೀರಿ” ಅಂದರು.

ಕಂಪನಿ ನಮೂದಿಸಿದ ವಿವರ ಬದಲಾಗುವಂತೆ ವಾಹನ ತಿದ್ದಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುತ್ತದೆ ಎಂದೆ. “ನಂದು ಗದ್ದಿಯಾಗ ಓಡೋ ಗಾಡಿ ಬಿಡ್ರಿ” ಎಂದ. ಈಗ ಅವನು ಬೇರೆಯವರ ಟ್ರ್ಯಾಕ್ಟರಿಗೂ ಟರ್ಬೊ ಕೂಡಿಸಿಕೊಡುತ್ತಾನಂತೆ. ನಿಮ್ಮ ಅಂಗಳಕ್ಕೆ ಬಂದರೆ ಚಹಾ ಕೊಡಿ, ಕೂಡಿಸಿ ಮಾತಾಡಿಸಿ. ಡ್ರಿಲ್‌ಗೆ ಕರೆಂಟು ಕೊಡುವ ಮುಂಚೆ ಪೈಪು ಎಷ್ಟು ದಪ್ಪದ್ದು ತಂದಿದ್ದಾನೆ ನೋಡಿಕೊಳ್ಳಿ.