ಖಾಲಿ ಫ್ಲ್ಯಾಶಿನ ವಾರಸುದಾರರು

ಫಿಲ್ಮ್ ಕ್ಯಾಮೆರಾಕ್ಕೆ ಮತ್ತೆ ಮರ್ಯಾದೆ ಬಂದಿದೆ. ಫಿಲ್ಮಿಗಲ್ಲ, ಕ್ಯಾಮೆರಾಕ್ಕೆ. ಎರಡೂ ಬೇರೆ ಬೇರೆ.

ನಮ್ಮ ದೇಶನೂರಿನಂಥ ಊರಿನಲ್ಲೂ ಈಗ ಯಾರದೋ ಮನೆಯ ಅಲ್ಮಾರದಿಂದ ಒಂದು ಎಸ್‌ಎಲ್‌ಆರ್ ಹೊರಬೀಳುತ್ತದೆ. ಯಾಶಿಕಾ, ಪೆಂಟ್ಯಾಕ್ಸ್, ಅದೃಷ್ಟವಿದ್ದರೆ ನಿಕಾನ್. ಬೆಂಗಳೂರಿನ ಕಂಪನಿಯಿಂದ ಹಬ್ಬಕ್ಕೆ ಬಂದ ಮಗ ಅದನ್ನು ಕೊರಳಿಗೆ ಹಾಕಿಕೊಳ್ಳುತ್ತಾನೆ. ಇಷ್ಟು ವರ್ಷ ಅದರ ಮೇಲೆ ಹಳೇ ಸೀರೆಯ ಗಂಟು ಪೇರಿಸಿದ್ದ ಮನೆಯವರಿಗೆ ಅದು ರಾತ್ರೋರಾತ್ರಿ ‘ಅಪ್ಪನ ಕ್ಯಾಮೆರಾ’ ಆಗಿಬಿಡುತ್ತದೆ. ಅಪ್ಪ ಅದೇ ಮನೆಯ ಕಟ್ಟೆಯ ಮೇಲೆ ಕೂತಿರುತ್ತಾರೆ. ಅದರಲ್ಲಿ ಫೋಟೋ ತೆಗೆಯುವುದು ಹೇಗೆ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅದಕ್ಕೆ ಯೂಟ್ಯೂಬ್ ಇದೆ.

ಇವರ ಮಾತು ಕೇಳಬೇಕು. ಫಿಲ್ಮ್ ಅಂದರೆ ಪ್ರಾಮಾಣಿಕತೆಯಂತೆ. ತಾಳ್ಮೆಯಂತೆ. ರೋಲಿಗೆ ಮೂವತ್ತಾರೇ ಫೋಟೋ, ಹಾಗಾಗಿ ಯೋಚಿಸಿ ತೆಗೆಯಬೇಕಂತೆ.

ತಾಳ್ಮೆಯವರು ಮಾಡುವುದೇನು? ರೋಲನ್ನು ಕೊರಿಯರ್‌ನಲ್ಲಿ ಬೆಂಗಳೂರಿನ ಲ್ಯಾಬಿಗೆ ಕಳಿಸಿ, ಅದು ಮುಟ್ಟುವ ಮೊದಲೇ ‘ಸ್ಕ್ಯಾನ್ ಆಯ್ತಾ?’ ಎಂದು ಮೆಸೇಜು ಹಾಕುವುದು. ಬಂದ ಸ್ಕ್ಯಾನನ್ನು ಫೋನಿನಲ್ಲಿ ತಿದ್ದುವುದು. ಇನ್‌ಸ್ಟಾಗ್ರಾಮಿಗೆ ಏರಿಸಿ, ಕೆಳಗೆ ‘ಎಡಿಟ್ ಮಾಡಿಲ್ಲ’ ಎಂದು ಪ್ರಮಾಣವಚನ ಸ್ವೀಕರಿಸುವುದು. ಪ್ರಿಂಟ್ ಹಾಕಿಸುವುದಿಲ್ಲ. ನೆಗೆಟಿವ್ ವಾಪಸು ಬೇಕೇ ಎಂದು ಲ್ಯಾಬಿನವರು ಕೇಳಿದರೆ, ಬೇಡ, ಕೊರಿಯರ್ ಖರ್ಚು ದಂಡ ಎನ್ನುವುದು.

ರೋಲಿಗೇ ಸಾವಿರದ ಆಸುಪಾಸು ಸುರಿದವರು ಇವರು. ತೊಳೆಯಲು, ಸ್ಕ್ಯಾನಿಗೆ ಮತ್ತೆ ಬೇರೆ. ಉಳಿತಾಯ ಮಾತ್ರ ನೆಗೆಟಿವಿನಲ್ಲಿ.

ಸಿರುಗುಪ್ಪದ ಹಳೇ ಸ್ಟುಡಿಯೋದವರು ಇವರ ಫೋಟೋ ನೋಡಿ ತಲೆ ಚಚ್ಚಿಕೊಳ್ಳುತ್ತಾರೆ. ಹಿಂದಿನ ಬಾಗಿಲಿನ ಸಂದಿಯಿಂದ ಬೆಳಕು ನುಗ್ಗಿ ಫೋಟೋದ ಮೇಲೆ ಕೆಂಪು ಪಟ್ಟೆ ಬಿದ್ದಿದೆ. ಆಗ ಅಂಥದ್ದೊಂದು ಕಾಪಿ ಕೊಟ್ಟಿದ್ದರೆ ಬೀಗರು ಅಡ್ವಾನ್ಸ್ ಕಿತ್ತುಕೊಂಡು ಹೋಗುತ್ತಿದ್ದರು. ಈಗ ಅದು ಕಲೆ. ಪಟ್ಟೆ ಬೀಳದಿದ್ದವರಿಗೆ ಪಟ್ಟೆ ಹಾಕಿಕೊಡುವ ಆ್ಯಪ್ ಕೂಡ ಇದೆ.

ಎಲ್ಲಕ್ಕಿಂತ ಸೋಜಿಗ ಈ ‘ನಿಧಾನ’ದ ಭಜನೆ. ಈ ಯಂತ್ರ ಹುಟ್ಟಿದ್ದೇ ನಿಧಾನದ ಮೇಲಿನ ಸಿಟ್ಟಿಗೆ. ಮೂವತ್ತೈದು ಮಿಲಿಮೀಟರ್ ಫಿಲ್ಮು ಮೂಲತಃ ಸಿನಿಮಾದ್ದು. 1925ರಲ್ಲಿ ಲೈಕಾ ಅದನ್ನು ಜೇಬಿಗೆ ಹಿಡಿಸುವ ಕ್ಯಾಮೆರಾಕ್ಕೆ ಹಾಕಿ ಮಾರುಕಟ್ಟೆಗೆ ತಂದಿತು. ನೆಗೆಟಿವಿನ ಅಳತೆ 24ಕ್ಕೆ 36 ಮಿಲಿಮೀಟರ್. ಎಸ್‌ಎಲ್‌ಆರ್ ಬರುವ ಮೊದಲು ನಮ್ಮ ಸ್ಟುಡಿಯೋಗಳಲ್ಲಿ ಒನ್-ಟ್ವೆಂಟಿ ರೋಲಿನ ಡಬ್ಬಿ ಕ್ಯಾಮೆರಾಗಳ ರಾಜ್ಯ. ಸೊಂಟದ ಮಟ್ಟದಲ್ಲಿ ಹಿಡಿದು, ಮೇಲಿನಿಂದ ಇಣುಕಿ, ಉಸಿರು ಬಿಗಿಹಿಡಿದು ಒತ್ತಬೇಕು. ರೋಲಿಗೆ ಹನ್ನೆರಡೇ ಫೋಟೋ. ಅದರ ಮುಂದೆ ಮೂವತ್ತಾರು ಹೊಡೆಯುವ ಎಸ್‌ಎಲ್‌ಆರ್ ಬಂದಾಗ ಹಿರಿಯರು ಮೂಗು ಮುರಿದರು. ಇಷ್ಟು ಚಿಕ್ಕ ನೆಗೆಟಿವಿನಲ್ಲಿ ಏನು ಬರುತ್ತದೆ ಅಂದರು. ಈ ಹುಡುಗರಿಗೆ ತಾಳ್ಮೆಯಿಲ್ಲ, ಪಟಪಟ ಒತ್ತುತ್ತಾರೆ ಅಂದರು.

ಅಂದಿನ ಅವಸರದ ಯಂತ್ರ ಇಂದಿನ ಧ್ಯಾನದ ಪೀಠ. ಯಂತ್ರ ಬದಲಾಗಿಲ್ಲ.

ಅದನ್ನು ಇನ್ನೂ ಕುಗ್ಗಿಸಿದವರು ಜಪಾನಿನವರು. ಒಲಿಂಪಸ್ ಕಂಪನಿಯ ಯೋಶಿಹಿಸಾ ಮೈತಾನಿ ಎಂಬ ಎಂಜಿನಿಯರ್ 1972ರಲ್ಲಿ ಒಂದು ಪುಟ್ಟ ಎಸ್‌ಎಲ್‌ಆರ್ ಮಾಡಿದರು. ಇಟ್ಟ ಹೆಸರು ಎಂ-1. ಅದು ನಮ್ಮ ಹೆಸರಿಗೆ ಹತ್ತಿರವಾಯಿತು ಎಂದು ಲೈಕಾ ತಗಾದೆ ತೆಗೆಯಿತು, ಓಎಂ-1 ಆಯಿತು. ಎಸ್‌ಎಲ್‌ಆರ್‌ಗಳ ಭಾರ, ಗಾತ್ರ, ಸದ್ದು ಕಡಿಮೆ ಮಾಡಬೇಕು ಎಂಬುದು ಮೈತಾನಿಯವರ ಹಟ. ಈಗ ಅದೇ ಕ್ಯಾಮೆರಾವನ್ನು ಕೈಯಲ್ಲಿ ತೂಗಿ ನೋಡಿ, ಆಹಾ, ಎಂಥ ತೂಕ, ಎಂಥ ಸದ್ದು, ಅಪ್ಪಟ ಲೋಹ ಎಂದು ಕಣ್ಣುಮುಚ್ಚುವವರಿದ್ದಾರೆ. ಮೈತಾನಿಯವರು ಪುಣ್ಯವಂತರು, 2009ರಲ್ಲೇ ತೀರಿಕೊಂಡರು.

ಅದೇ ಓಎಂ-1 ಮತ್ತು ಆ ಕಾಲದ ಇನ್ನೂ ಹಲವು ಕ್ಯಾಮೆರಾಗಳ ಬೆಳಕಿನ ಮೀಟರ್ ನಡೆಯುತ್ತಿದ್ದುದು 1.35 ವೋಲ್ಟಿನ ಪಾದರಸದ ಸೆಲ್ಲಿನ ಮೇಲೆ. ಪಾದರಸ ವಿಷವೆಂದು ಆ ಸೆಲ್ಲು ನಿಂತುಹೋಯಿತು. ಈಗಿನವರು ಅದೇ ಗಾತ್ರದ 1.5 ವೋಲ್ಟಿನದನ್ನು ತುರುಕುತ್ತಾರೆ. ಮುಳ್ಳು ಆಡುತ್ತದೆ, ಇವರಿಗೆ ಸಂತೋಷ. ಇಲ್ಲದ ಬೆಳಕನ್ನು ಇದೆಯೆಂದು ಮೀಟರ್ ತೋರಿಸುತ್ತದೆ, ಫೋಟೋ ಕಪ್ಪಿಡುತ್ತದೆ. ಕಪ್ಪಿಟ್ಟಿದ್ದಕ್ಕೆ ‘ಮೂಡ್’ ಎಂದು ಹೆಸರು. ಪ್ರಾಮಾಣಿಕತೆಯ ಯಂತ್ರ ಮೊದಲ ಕ್ಷಣದಿಂದಲೇ ಸುಳ್ಳು ಲೆಕ್ಕ ಕೊಡುತ್ತಿದೆ.

ಇನ್ನು ಜೋಪಾನ. ಭತ್ತದ ಗದ್ದೆಗಳ ನಡುವಿನ ನಮ್ಮ ಊರಿಗೆ ಮಳೆಗಾಲದಲ್ಲಿ ತೇವ ತಪ್ಪಿದ್ದಲ್ಲ. ಚರ್ಮದ ಚೀಲದಲ್ಲಿಟ್ಟು ಅಲ್ಮಾರಕ್ಕೆ ಬೀಗ ಜಡಿದರೆ ಕ್ಯಾಮೆರಾ ಭದ್ರ ಎಂದು ಎಲ್ಲರ ನಂಬಿಕೆ. ಚರ್ಮ ತೇವ ಹಿಡಿಯುತ್ತದೆ, ಲೆನ್ಸಿನೊಳಗೆ ಫಂಗಸ್ ಬೇರು ಬಿಡುತ್ತದೆ. ಬಾಗಿಲಿನ ಸಂದಿಯ ಸ್ಪಂಜು ಕರಗಿ ಟಾರಿನಂತೆ ಅಂಟುತ್ತದೆ. ಲೆನ್ಸಿಗೆ ಬೇಕಿದ್ದುದು ಗಾಳಿ ಮತ್ತು ಬೆಳಕು. ಸಿಕ್ಕಿದ್ದು ನುಸಿಗುಳಿಗೆ.

ರಿಪೇರಿಯವನು ಬಿಚ್ಚಿ, ತೊಳೆದು, ಸ್ಪಂಜು ಬದಲಿಸಲು ಒಂದಿಷ್ಟು ಕೇಳಿದರೆ ಮನೆಯವರ ಮುಖ ನೋಡಬೇಕು. ಕ್ಯಾಮೆರಾ ಬೆಲೆ ಕಟ್ಟಲಾಗದ್ದು. ಅವನ ಕೆಲಸಕ್ಕೆ ಮಾತ್ರ ಬೆಲೆ ಕಟ್ಟಬಹುದು, ಅದೂ ಹೇಳಿದ್ದರಲ್ಲಿ ಅರ್ಧಕ್ಕೆ.

ಆಯುಧಪೂಜೆಯ ದಿನವಂತೂ ಕೇಳಬೇಡಿ. ಟ್ರ್ಯಾಕ್ಟರು, ಬೈಕು, ಹೊಲಿಗೆ ಯಂತ್ರದ ಸಾಲಿನಲ್ಲಿ ಕ್ಯಾಮೆರಾವೂ ಕೂರುತ್ತದೆ. ವಿಭೂತಿ ಬಳಿಯುತ್ತಾರೆ. ಕುಂಕುಮ ಇಡುತ್ತಾರೆ. ಎಲ್ಲಿ? ಸರಿಯಾಗಿ ಲೆನ್ಸಿನ ಗಾಜಿನ ಮೇಲೆ. ಅಷ್ಟೊಂದು ಜಾಗವಿದೆ ಮೈಮೇಲೆ. ಆದರೆ ಭಕ್ತಿಗೆ ಕಣ್ಣೇ ಬೇಕು.

ಇನ್ನು ಫಿಲ್ಮಿನ ಕಥೆ. ಊಟಿಯಲ್ಲಿ ಕೇಂದ್ರ ಸರ್ಕಾರ 1960ರಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಕಂಪನಿ ಕಟ್ಟಿತ್ತು. ‘ಇಂದು’ ಎಂಬ ಹೆಸರಿನ ಸ್ವದೇಶಿ ಫಿಲ್ಮು. ಕಲರ್ ಬಂದ ಮೇಲೆ ಅದನ್ನು ಮೂಸುವವರಿರಲಿಲ್ಲ. ಬೀಗರಿಗೆ ಕೊಡಾಕ್ ಬೇಕು, ಕೋನಿಕಾ ಬೇಕು. ಕಂಪನಿ ಹಾಸಿಗೆ ಹಿಡಿಯಿತು, ವರ್ಷಗಟ್ಟಲೆ ನರಳಿ ಬಾಗಿಲು ಹಾಕಿತು. ಈಗ ಅವಧಿ ಮುಗಿದ ಇಂದು ರೋಲು ಎಲ್ಲಾದರೂ ಸಿಕ್ಕರೆ ಕಣ್ಣಿಗೊತ್ತಿಕೊಳ್ಳುತ್ತಾರೆ. ನಮಗೆ ಸ್ವದೇಶಿಯ ಮೇಲೆ ಪ್ರೀತಿ ಬರಬೇಕಾದರೆ ಅದು ಮೊದಲು ಸಾಯಬೇಕು.

ಈಗ ಅಸಲು ಮಾತಿಗೆ ಬರುತ್ತೇನೆ. ‘ಮೂವತ್ತಾರೇ ಇದ್ದಾಗ ಆರಿಸಿ ತೆಗೆಯುತ್ತಿದ್ದರು’ ಎನ್ನುತ್ತಾರಲ್ಲ, ನಿಜ. ಆರಿಸುತ್ತಿದ್ದರು. ಯಾರನ್ನು ಆರಿಸುತ್ತಿದ್ದರು?

ಮದುವೆ ಮಂಟಪಕ್ಕೆ ಬನ್ನಿ. ಎಂಬತ್ತು-ತೊಂಬತ್ತರ ದಶಕ. ಫೋಟೋಗ್ರಾಫರ್ ಬಳಿ ಎರಡೋ ಮೂರೋ ರೋಲು. ಒಂದೊಂದು ಕಾಪಿಗೂ ಲೆಕ್ಕ. ಯಜಮಾನರು ಮೊದಲೇ ಕಿವಿಯಲ್ಲಿ ಊದಿರುತ್ತಾರೆ: ‘ಸಾಹುಕಾರ್ರು ಬಂದಾಗ ಒಂದೆರಡು ಜಾಸ್ತಿ ಹೊಡಿ. ಉಳಿದವರಿಗೆ ನೋಡ್ಕೊಂಡು ಮಾಡು.’ ನೋಡಿಕೊಂಡು ಮಾಡುವುದಕ್ಕೆ ಒಂದು ಉಪಾಯವಿತ್ತು. ಫ್ಲ್ಯಾಶಿನ ಹಿಂಭಾಗದಲ್ಲಿ ಒಂದು ಟೆಸ್ಟ್ ಬಟನ್. ಕ್ಯಾಮೆರಾ ಕಣ್ಣಿಗಿಟ್ಟು, ‘ಸ್ವಲ್ಪ ನಗ್ರೀ, ತಲಿ ಮ್ಯಾಲೆತ್ತರೀ’ ಎಂದು, ಆ ಬಟನ್ ಒತ್ತಿದರೆ ಫಳ್ ಎಂದು ಬೆಳಕು. ಷಟರ್ ತೆರೆಯುವುದಿಲ್ಲ. ಫಿಲ್ಮು ಸರಿಯುವುದಿಲ್ಲ. ಖಾಲಿ ಫ್ಲ್ಯಾಶ್.

ಯಾರಿಗೆ ಬಿತ್ತು ಈ ಖಾಲಿ ಫ್ಲ್ಯಾಶ್? ಸಾಲ ಮಾಡಿ ಆಯೇರಿ ತಂದ ದೂರದ ಸೋದರತ್ತೆಗೆ. ಹೊಲದಲ್ಲಿ ದುಡಿಯುವ ಆಳಿನ ಸಂಸಾರಕ್ಕೆ. ಪಾತ್ರೆ ತೊಳೆದು ಕೈ ಒರೆಸಿಕೊಂಡು, ಒಮ್ಮೆ ಮದುಮಗಳ ಪಕ್ಕ ನಿಲ್ಲುವ ಆಸೆಯಿಂದ ಬಂದವಳಿಗೆ. ಅವರು ಸೆರಗು ಸರಿಮಾಡಿಕೊಂಡು ನಿಂತರು. ಕಣ್ಣು ಕೋರೈಸುವ ಬೆಳಕು ಬಿತ್ತು. ಖುಷಿಯಿಂದ ಇಳಿದು ಹೋದರು. ತಿಂಗಳ ಮೇಲೆ ಆಲ್ಬಂ ಬಂದಾಗ ಹಾಳೆ ತಿರುವಿ ಕೇಳಿದರು: ‘ನಮ್ದು ಎಲ್ಲೈತ್ರೀ?’ ಉತ್ತರ ಎಲ್ಲ ಕಡೆಯೂ ಒಂದೇ. ‘ನಿಮ್ದು ಕೆಟ್ಟೋಗೈತಿ. ರೀಲು ತೊಳಿಯೋವಾಗ ಹೋಯ್ತು.’

ಎಷ್ಟು ಚೆಂದ. ತೊಳೆಯುವಾಗ ಸಾಹುಕಾರರ ಫೋಟೋ ಒಂದೂ ಕೆಡಲಿಲ್ಲ.

ಫೋಟೋಗ್ರಾಫರನನ್ನು ನಾನು ಬೈಯುವುದಿಲ್ಲ. ಆತ ಬಾಡಿಗೆಯ ಕೈ. ಒಂದು ಎಸ್‌ಎಲ್‌ಆರ್ ಕೊಳ್ಳಲು ಗಲ್ಫಿಗೆ ಹೋದವರ ಕೈಕಾಲು ಹಿಡಿಯಬೇಕಿತ್ತು, ಇಲ್ಲವೇ ಮದ್ರಾಸಿನ ಬರ್ಮಾ ಬಜಾರಿನಲ್ಲಿ ರಸೀದಿಯಿಲ್ಲದ ಮಾಲಿಗೆ ಕೈ ಹಾಕಬೇಕಿತ್ತು. ಮೂವತ್ತಾರರಲ್ಲಿ ಯಾರು ಬರಬೇಕು, ಯಾರು ಬರಬಾರದು ಎಂಬ ಪಟ್ಟಿ ಅವನದಲ್ಲ. ಆ ಪಟ್ಟಿಯ ಒಡೆಯರ ಮಕ್ಕಳೇ ಈಗ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ‘ಆ ಕಾಲದ ಫೋಟೋಗಳಲ್ಲಿ ಒಂದು ಸತ್ಯವಿತ್ತು’ ಎನ್ನುವುದು. ನಿಮ್ಮ ಮನೆಯ ಆಲ್ಬಂ ತೆಗೆಯಿರಿ. ಯಾರಿದ್ದಾರೆ ಎಂದು ನೋಡಬೇಡಿ. ಆ ಮದುವೆಯಲ್ಲಿ ದುಡಿದವರು ಎಲ್ಲಿ ಎಂದು ಹುಡುಕಿ.

ಹಾಗೆ ಆರಿಸಿ ತೆಗೆದವಾದರೂ ಉಳಿದವೇ? ಸ್ಟುಡಿಯೋಗಳು ಡಿಜಿಟಲ್‌ಗೆ ಹೊರಳಿದಾಗ ನೆಗೆಟಿವಿನ ಡಬ್ಬಗಳು ತಿಪ್ಪೆಗೆ ಹೋದವು. ಬೆಳ್ಳಿ ತೆಗೆಯುವವರು ಫಿಲ್ಮು ತೊಳೆಯಲು ಬಳಸಿದ ಹೈಪೋ ನೀರನ್ನು ದುಡ್ಡು ಕೊಟ್ಟು ಒಯ್ಯುತ್ತಿದ್ದರು. ನೆಗೆಟಿವಿಗೆ ಆ ಭಾಗ್ಯವೂ ಇರಲಿಲ್ಲ. 2009ರ ಅಕ್ಟೋಬರ್ ನೆರೆಯಲ್ಲಿ ಸಿರುಗುಪ್ಪ ತಾಲ್ಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತು. ನೆನೆದ ನೆಗೆಟಿವನ್ನು ಆಗಲೇ ಶುದ್ಧ ನೀರಿನಲ್ಲಿ ಜಾಲಾಡಿ ನೆರಳಲ್ಲಿ ನೇತುಹಾಕಿದರೆ ಬಹಳಷ್ಟು ಸಲ ಉಳಿಯುತ್ತದೆ. ಅದು ಹುಟ್ಟಿದ್ದೇ ನೀರಿನಲ್ಲಿ ತೊಳೆಸಿಕೊಂಡು. ನೆನೆದ ಕ್ಯಾಮೆರಾ ಉಳಿಯುವುದು ಕಷ್ಟ. ನಾವು ಒರೆಸಿ ಎತ್ತಿಟ್ಟಿದ್ದು ಕ್ಯಾಮೆರಾವನ್ನು. ಎಸೆದದ್ದು ನೆಗೆಟಿವನ್ನು.

ಪಕ್ಕದ ಹಂಪಿಯನ್ನು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಫೋಟೋ ತೆಗೆದ. ಮೇಣ ಹಚ್ಚಿದ ಕಾಗದದ ನೆಗೆಟಿವುಗಳು, ಒಂದೊಂದೂ ಅಡಿಗಿಂತ ದೊಡ್ಡವು. ಕಾಗದ! ಅವು ಉಳಿದು ಬಂದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅವನ್ನು ಮುಂದಿಟ್ಟುಕೊಂಡು ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಕಲ್ಲುಕಂಬದ ಕಾಗದದ ನೆಗೆಟಿವ್ ಸುರಕ್ಷಿತ. ನಿಮ್ಮಜ್ಜಿಯ ಪ್ಲಾಸ್ಟಿಕ್ ನೆಗೆಟಿವ್ ತಿಪ್ಪೆಯಲ್ಲಿ.

ಮರೆತದ್ದು ನೆಗೆಟಿವನ್ನಷ್ಟೇ ಅಲ್ಲ. ಸಂಡೂರಿನ ಎಂ.ವೈ. ಘೋರ್ಪಡೆ ನಮ್ಮ ಜಿಲ್ಲೆಯವರೇ. ರಾಜಮನೆತನ, ದೇವರಾಜ ಅರಸು ಸಂಪುಟದಲ್ಲಿ ಹಣಕಾಸು ಸಚಿವ. ಅದರ ಜೊತೆಗೆ ಕಾಡಿನಲ್ಲಿ ಕಾದು ಕೂತು ಆನೆ, ಹುಲಿಗಳನ್ನು ಕಪ್ಪುಬಿಳುಪಿನಲ್ಲಿ ಸೆರೆಹಿಡಿದ ಫೋಟೋಗ್ರಾಫರ್. ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕ 1983ರಲ್ಲಿ ಬಂತು. (ಗಣಿ ಕಂಪನಿಯೂ ಅದೇ ಮನೆತನದ್ದು. ಬಳ್ಳಾರಿಯಲ್ಲಿ ಯಾವ ಕಥೆಯೂ ಗಣಿಯನ್ನು ತಪ್ಪಿಸಿಕೊಂಡು ಮುಗಿಯುವುದಿಲ್ಲ.) ಫಿಲ್ಮ್ ಭಕ್ತರ ಬಾಯಲ್ಲಿ ವಿದೇಶಿ ಫೋಟೋಗ್ರಾಫರುಗಳ ಹೆಸರು ಜಪಮಾಲೆಯಂತೆ ಬರುತ್ತದೆ. ಘೋರ್ಪಡೆ ಎಂದರೆ, ‘ಯಾರು, ಎಮ್ಮೆಲ್ಲೆಯಾ?’ ಆಗ ಮಂತ್ರಿಯೇ ಫೋಟೋ ತೆಗೆಯುತ್ತಿದ್ದರು. ಈಗ ಮಂತ್ರಿ ಬಂದರೆ ಕಾರ್ಯಕ್ರಮವೇ ಫೋಟೋ ತೆಗೆಸಿಕೊಳ್ಳುವುದು.

ಮೊನ್ನೆ ಭತ್ತದ ನಾಟಿ ನಡೆದಿತ್ತು. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ದೇಶನೂರಿನ ಹೆಸರಿನದೂ ಒಂದುಂಟು. ಅದರ ದಂಡೆಗೆ ಕಾರು ನಿಲ್ಲಿಸಿ ಒಬ್ಬ ಇಳಿದ. ಕೊರಳಲ್ಲಿ ಅಪ್ಪನ ಕ್ಯಾಮೆರಾ. ಕೆಸರಿನಲ್ಲಿ ಬಗ್ಗಿದ್ದ ಹೆಂಗಸರನ್ನು ‘ಅಮ್ಮಾ, ಹಂಗೇ ಇರ್ರಿ, ಅಲ್ಲಾಡಬ್ಯಾಡ್ರಿ’ ಎಂದ. ಬೆಳಕು ನೋಡಿದ. ಮೋಡ ಸರಿಯಲಿ ಎಂದು ಕಾದ. ಇನ್ನೊಂದು ಲೆನ್ಸ್ ಹಾಕಿದ. ಅವರು ಬಗ್ಗಿಯೇ ಇದ್ದರು. ಕೊನೆಗೂ ಒಂದು ಒತ್ತಿದ. ರೋಲು ದುಬಾರಿ ನೋಡಿ, ಒಂದೇ.

‘ಕಾಪಿ ಯಾವಾಗ ಕೊಡ್ತೀಯಪ್ಪಾ?’ ಎಂದಳು ತುದಿಯಲ್ಲಿದ್ದ ಮುದುಕಿ.

‘ಕಾಪಿ ಬರಂಗಿಲ್ಲಮ್ಮ, ಇದು ಸ್ಕ್ಯಾನ್ ಆಗಬೇಕು. ಬೆಂಗಳೂರಾಗ ತೋರಿಸ್ತೀವಿ, ದೊಡ್ಡ ದೊಡ್ಡ ಮಂದಿ ನೋಡ್ತಾರ.’

ಮುದುಕಿ ಸೊಂಟ ನೆಟ್ಟಗೆ ಮಾಡಿದಳು.

‘ಹಂಗಾದ್ರ ಅವರ ಹತ್ರ ಈಸ್ಕೊಂಡು ಬಾ. ಎಕರೆ ಲೆಕ್ಕಕ್ಕ ಗುತ್ತಿಗಿ ಹಿಡಿದೀವಿ ನಾವು. ಅರ್ಧ ತಾಸು ನಿಂದ್ರಿಸೀದಿ. ಆ ಕೂಲಿ ಯಾರು ಕೊಡ್ತಾರ?’