ಮರಿ ಸಿಲಿಂಡರೂ ನಮ್ಮ ಕಾಕಾನೂ

ತೂಕದ ವಿಷಯದಲ್ಲಿ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯನ್ನು ಚೀಲಗಟ್ಟಲೆ ತೂಗುತ್ತಾರೆ, ರಾಣೆಬೆನ್ನೂರಿನಲ್ಲಿ ತರಕಾರಿ ಬೀಜವನ್ನು ಗ್ರಾಂ ಲೆಕ್ಕದಲ್ಲಿ. ಹಾವೇರಿಯ ಏಲಕ್ಕಿ ಹಾರಕ್ಕಂತೂ ತೂಕವೇ ಇಲ್ಲ. ಹಾಕಿಸಿಕೊಂಡವರ ತಲೆ ಮಾತ್ರ ಭಾರವಾಗುತ್ತದೆ. ಇಂಥ ಸೀಮೆಯವನೊಬ್ಬ ಸಮುದ್ರದೊಳಗೆ ಒಂದು ಮಗ್ಗುಲಿಗೆ ವಾಲಿಕೊಂಡು ಈಜುವುದೆಂದರೆ ಇಡೀ ಜಿಲ್ಲೆಗೇ ಅವಮಾನ.

ನಮಗೆ ಸ್ಕೂಬಾ ಎಂದರೆ ನೇತ್ರಾಣಿ. ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಮುರ್ಡೇಶ್ವರ ಸೇರಿದರೆ, ಅಲ್ಲಿಂದ ಸುಮಾರು 19 ಕಿ.ಮೀ. ದೂರ ದೋಣಿಯಲ್ಲಿ. ಜನ ಹರಕೆ ಹೊತ್ತು ಆಡು ಬಿಟ್ಟುಬರುವ ದ್ವೀಪ ಅದು. ಪುಕ್ಕಟೆ ಬಂದ ಆಡುಗಳು ಮೇಲೆ ಹಾಯಾಗಿ ಮೇಯುತ್ತಿರುತ್ತವೆ, ಕಾಸು ಕೊಟ್ಟ ನಾವು ಕೆಳಗೆ ಮುಳುಗುತ್ತಿರುತ್ತೇವೆ.

"ಮುಳಗಾಕ ರೊಕ್ಕ ಕೊಡ್ತಾರೇನೋ ತಮ್ಮಾ? ನಮ್ಮ ಪ್ಯಾಟ್ಯಾಗ ರೇಟು ಬಿದ್ರ ಪುಕ್ಕಟ ಮುಳಗತಾರ" ಎಂದವರು ನಮ್ಮ ಕಾಕಾ. ಮೆಣಸಿನಕಾಯಿ ದಲಾಲಿಯಲ್ಲಿ ಕೂದಲು ಬೆಳ್ಳಗಾದವರು. ಬೆನ್ನಿನ ದೊಡ್ಡ ಸಿಲಿಂಡರಿನ ಜೊತೆಗೆ ನಾನು ಇನ್ನೊಂದು ಮರಿ ಸಿಲಿಂಡರನ್ನೂ ಹೊರುತ್ತೇನೆ ಎಂದು ತಿಳಿದ ದಿನದಿಂದ ಅವರಿಗೆ ಈ ವ್ಯವಹಾರದಲ್ಲಿ ಆಸಕ್ತಿ ಹುಟ್ಟಿತು. ಮೇಲುಹೊರೆ ಎಂದರೆ ಅವರಿಗೆ ಕಿವಿ ನೆಟ್ಟಗಾಗುತ್ತದೆ.

ಮರಿಯ ಜಾತಕ ಹೇಳಿದೆ. ಮೂರು ಲೀಟರಿನ ಅಲ್ಯೂಮಿನಿಯಂ ಬುಡ್ಡಿ. 200 ಬಾರ್ ಒತ್ತಡದಲ್ಲಿ ಸುಮಾರು 600 ಲೀಟರ್ ಗಾಳಿ ಹಿಡಿಯುತ್ತದೆ. ದೊಡ್ಡದು ಕೈಕೊಟ್ಟರೆ 20 ಮೀಟರ್ ಆಳದಿಂದ ಮೆಲ್ಲಗೆ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬರಲು ಸಾಕು, ಗಾಬರಿಯಲ್ಲಿ ತಿದಿ ಒತ್ತಿದಂತೆ ಉಸಿರಾಡದಿದ್ದರೆ. ಉಸಿರಿನ ಸಲಕರಣೆಯೂ ಸೇರಿ ನೆಲದ ಮೇಲೆ ನಾಲ್ಕೈದು ಕಿಲೋ. ನೀರೊಳಗೆ ಒಂದು ಕಿಲೋ ಆಚೀಚೆ.

ಕಾಕಾ ಕನ್ನಡಕ ತೆಗೆದರು. "ಐದು ಕಿಲೋ ಹೋಗಿ ಒಂದು ಕಿಲೋ? ಇಂಥಾ ತಕ್ಕಡಿ ನಮ್ಮ ಪ್ಯಾಟ್ಯಾಗ ಇಟ್ರ ಜೈಲ ಗ್ಯಾರಂಟಿ."

ಗಾಳಿಗೂ ತೂಕವಿದೆ ಎಂಬುದನ್ನು ಮಾತ್ರ ಅವರು ತಕ್ಷಣ ಒಪ್ಪಿದರು. ವೃತ್ತಿಯ ಅನುಭವ ಇರಬೇಕು. ದೊಡ್ಡ ಸಿಲಿಂಡರಿನಲ್ಲಿ ಎರಡೂವರೆ ಕಿಲೋ ಗಾಳಿ ತುಂಬಿರುತ್ತದೆ. ಅದನ್ನು ಉಸಿರಾಡುತ್ತ ಹೋದಂತೆ ಹಗುರಾಗಿ, ಕೊನೆಗೆ ಮುಳುಗುವವನೇ ಬಲೂನಾಗಿ ಏಳತೊಡಗುತ್ತಾನೆ. ಆದ್ದರಿಂದ ಮುಳುಗಲೆಂದು ಸೊಂಟಕ್ಕೆ ಕಟ್ಟಿಕೊಳ್ಳುವ ಸೀಸವನ್ನು ತುಂಬಿದ ಸಿಲಿಂಡರಿಗೆ ಹೊಂದಿಸಬಾರದು, ಮುಗಿಯುತ್ತ ಬಂದದ್ದಕ್ಕೆ ಹೊಂದಿಸಬೇಕು: 50 ಬಾರ್ ಉಳಿದಾಗ, ತೇಲಲೆಂದು ಜಾಕೆಟ್ಟಿಗೆ ತುಂಬಿಕೊಂಡ ಗಾಳಿಯನ್ನೆಲ್ಲ ಬಿಟ್ಟು, ಸಹಜವಾಗಿ ಉಸಿರು ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು. ಅದೂ ಉಪ್ಪುನೀರಿನಲ್ಲೇ. ಈಜುಕೊಳದಲ್ಲಿ ಕುದುರಿದ ತೂಕ ನೇತ್ರಾಣಿಯಲ್ಲಿ ನಡೆಯುವುದಿಲ್ಲ. ಸಮುದ್ರದ ನೀರು ನೂರಕ್ಕೆ ಎರಡೂವರೆ ಪಾಲು ಹೆಚ್ಚು ಸಾಂದ್ರ. ಸಾಮಾನು ಸಮೇತ ನೂರು ಕಿಲೋ ತೂಗುವವನಿಗೆ ಎರಡೂವರೆ ಕಿಲೋ ಸೀಸ ಹೆಚ್ಚೇ ಬೇಕು. ನಮ್ಮೂರ ಬಾವಿಯಲ್ಲಿ ಈಜು ಕಲಿತವರು ಕಡಲಲ್ಲಿ ಬೆಂಡಿನಂತೆ ತೇಲಿ, ತಮ್ಮ ಪ್ರತಿಭೆ ದಿಢೀರನೆ ಹೆಚ್ಚಿತೆಂದು ತಿಳಿಯುವುದು ಈ ಉಪ್ಪಿನ ದಯೆಯಿಂದ.

ಮರಿಯ ತಕರಾರೇ ಬೇರೆ. ಅದು ಆಪತ್ತಿಗೆಂದು ಇಟ್ಟದ್ದು, ಆಪತ್ತು ಬರದಿದ್ದರೆ ಇಳಿಯುವಾಗಲೂ ತುಂಬಿದ್ದು, ಏರುವಾಗಲೂ ತುಂಬಿದ್ದು. ಹಾಗಾದರೆ ಅದು ಹೊತ್ತ ಒಂದು ಕಿಲೋವನ್ನು ಸೀಸದಲ್ಲಿ ಕಳೆಯಬಹುದಲ್ಲ? ಬಹಳ ಮಂದಿ ಕಳೆಯುತ್ತಾರೆ. ಬೆನ್ನ ಸಿಲಿಂಡರಿಗೇ ಬಿಗಿದು ಕಟ್ಟಿದ್ದರೆ ಸರಿಯೇ. ಆದರೆ ಎದೆಯ ಕೊಂಡಿಯಿಂದ ಸೊಂಟದ ಕೊಂಡಿಗೆ ಎಡ ಪಕ್ಕದಲ್ಲಿ ನೇತುಹಾಕುವುದರ ಉದ್ದೇಶವೇ, ಅಗತ್ಯ ಬಿದ್ದರೆ ಬಿಚ್ಚಿ ಜೊತೆಗಾರನ ಕೈಗೆ ಕೊಡಬಹುದೆಂದು. ಕೊಟ್ಟ ಗಳಿಗೆಯಲ್ಲಿ ಕೊಟ್ಟವನು ಒಂದು ಕಿಲೋ ಹಗುರಾಗುತ್ತಾನೆ. ನಿಧಾನವಾಗಿ ಏರಬೇಕಾದ ಹೊತ್ತಿನಲ್ಲಿ ಪರೋಪಕಾರಿ ಸರ್ರನೆ ಮೇಲಕ್ಕೆ ಹೋಗಬಾರದು, ಪುಪ್ಪುಸಕ್ಕೇ ಅಪಾಯ.

ಕಾಕಾ ಇದನ್ನು ಕೇಳಿ ಮುಗಿಸುವ ಮೊದಲೇ ತೀರ್ಪು ಕೊಟ್ಟರು: "ಕೈಬಿಟ್ಟು ಹೋಗೂ ಮಾಲು ಜಮಾಕ್ಕ ಹಿಡೀಬಾರದು. ಸೀಸ ತಗೀಬ್ಯಾಡ."

ಹಾಗಿದ್ದರೆ ಎಡಕ್ಕೆ ವಾಲುವುದು? ಅದಕ್ಕೆ ಅವರು ಪೆನ್ನು ಕೂಡ ಎತ್ತಲಿಲ್ಲ. "ಚಕ್ಕಡಿ ಒಂದ ಮಗ್ಗಲಿಗೆ ವಾಲಿದ್ರ ಚೀಲ ಇಳಸ್ತಾರೇನು? ಈ ಮಗ್ಗಲಿಂದ ಆ ಮಗ್ಗಲಿಗೆ ಸರಸ್ತಾರ. ಮೂಕಿ ಮ್ಯಾಲೆದ್ರ ಮುಂದಕ್ಕ ಸರಸ್ತಾರ." ಎಡಗಿಸೆಯ ಒಂದು ಸೀಸ ಬಲಗಿಸೆಗೆ ಹೋಯಿತು. ಕಾಲು ಕೆಳಗೆ ಜಗ್ಗುವುದಕ್ಕೆ, ದೊಡ್ಡ ಸಿಲಿಂಡರನ್ನು ಪಟ್ಟಿಯಲ್ಲಿ ಎರಡು ಬೆರಳಷ್ಟು ತಲೆಯ ಕಡೆ ಏರಿಸಿದೆವು. ಮರಿಯ ಬುಡ ಜೋತಾಡಿ ಬಂಡೆಗೆ ಬಡಿಯದಂತೆ ಕೆಳಗಿನ ಕೊಂಡಿಯ ಹಗ್ಗ ಗಿಡ್ಡ ಮಾಡಿದೆವು. ಹೊಸ ಹೊಂದಾಣಿಕೆಯನ್ನು ಮೊದಲು ಆಳವಿಲ್ಲದ ನೀರಿನಲ್ಲೇ ನೋಡಬೇಕೆನ್ನುವುದು ಶಿಕ್ಷಕರ ನಿಯಮ. ನೋಡಿದೆ, ಕೈಕಾಲು ಆಡಿಸದೆ ಮಲಗಿದರೂ ದೇಹ ಮಟ್ಟಸವಾಗಿ ನಿಂತಿತು.

ನೇತ್ರಾಣಿಯಿಂದ ಮರಳಿದ ಮೇಲೆ ಕಾಕಾ ಮೀನಿನ ಬಗ್ಗೆ ಕೇಳಲಿಲ್ಲ, ಹವಳದ ಬಗ್ಗೆ ಕೇಳಲಿಲ್ಲ.

"ಆ ಸಣ್ಣದರಾಗಿನ ಗಾಳಿ ಎಷ್ಟು ಖರ್ಚಾತು?"

"ಏನೂ ಇಲ್ಲ ಕಾಕಾ. ತುಂಬಿದ್ದು ತುಂಬಿದಂಗ ಐತಿ."

"ಹಂಗಾರ ವಾಪಸ್ ಕೊಡುವಾಗ ಬಾಡಿಗ್ಯಾಗ ಎಷ್ಟು ಮುರಕೊಂಡಿ?"